ಎಪ್ಪತ್ತೈದು ಸೆಂಟಿಮೀಟರಿನ ಹೆಜ್ಜೆ

ನನ್ನ ಒಂದು ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರ್. ಕಚೇರಿಯ ಮೊಗಸಾಲೆಯಲ್ಲಿ ನೂರು ಸಲ ನಡೆದು ಖಚಿತಪಡಿಸಿಕೊಂಡ ಸಂಖ್ಯೆ. ದಾರಿಯಿಲ್ಲದ ಕಡೆ ಪುಟ್ಟ ವಿಮಾನ ಇಳಿಯಲು ಜಾಗ ಅಳೆದುಕೊಡುವುದು ನನ್ನ ಇಪ್ಪತ್ತೆರಡು ವರ್ಷದ ಕೆಲಸ. ಟೇಪು ಚೀಲದಲ್ಲೇ ಇರುತ್ತಿತ್ತು. ಅದನ್ನು ಹಾಸಿ ಸುತ್ತಲು ಇದ್ದ ಸೋಮಾರಿತನಕ್ಕೆ ನಾನು ಅನುಭವ ಎಂದು ಹೆಸರಿಟ್ಟಿದ್ದೆ.

ಹೆಂಡತಿ ಮಾತ್ರ ನಂಬಿರಲಿಲ್ಲ. “ಸೋಫಾ ತರೋವಾಗ್ಲೂ ಹೀಗೇ ಕಾಲಲ್ಲಿ ಅಳೆದ್ರಿ. ಒಂದು ವಾರ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು, ಮರೆತ್ರಾ?”

ದೂರದ ಔಷಧ ಕೇಂದ್ರಕ್ಕೆಂದು ಕಲ್ಲುಗಳ ಒರಟು ಬಯಲೊಂದನ್ನು ಆರಿಸಿದ್ದರು. ಕಲ್ಲು ತೆಗೆಸುವ ಮೊದಲೇ ಆರುನೂರು ಹೆಜ್ಜೆ ನಡೆದು, ಎರಡು ತುದಿಗೂ ಬಾವುಟ ನೆಟ್ಟು, ನಾನೂರೈವತ್ತು ಮೀಟರ್ ಎಂದು ಬರೆದೆ. ಸಹಿ ಬಹಳ ಚೆನ್ನಾಗಿ ಬಂದಿತ್ತು.

ಕಲ್ಲು ತೆಗೆಸಿದ ಮೇಲೆ ಅಲ್ಲಿ ಮೊದಲು ವಿಮಾನ ಇಳಿಸಿದವರು ನಾವೆಲ್ಲ ಅಕ್ಕ ಎನ್ನುವ ಹಿರಿಯ ಪೈಲಟ್. ವಿಮಾನ ನಿಲ್ಲುವ ಮೊದಲೇ ಬಯಲು ಮುಗಿಯಿತು. ತುದಿಯಾಚೆಯ ಬಂಡೆಗೆ ತಾಗಿ ಮುಂದಿನ ಚಕ್ರ ಮುರಿದು, ಮೂತಿ ನೆಲಕ್ಕೂರಿತು. ಅಕ್ಕನ ಭುಜದ ಮೂಳೆಯೂ ಮುರಿಯಿತು. ವೇಗ ಹೆಚ್ಚಿತ್ತೆಂದು ವಿಚಾರಣಾಧಿಕಾರಿಗೆ ಅನುಮಾನ. ಅದು ರುಜುವಾತಾದರೆ ಅಕ್ಕನ ಪರವಾನಗಿ ಹೋದಂತೆಯೇ.

ಆಸ್ಪತ್ರೆಗೆ ಹೋದೆ. “ಮೇಲಿಂದ ನೋಡಿದಾಗ ಗಿಡ್ಡ ಅನ್ನಿಸ್ತು ಕಣೋ ತಮ್ಮಾ,” ಎಂದರು ಅಕ್ಕ. “ಆದ್ರೆ ನಿನ್ನ ಸಹಿ ಇತ್ತಲ್ಲ.”

ಬೈದಿದ್ದರೆ ಊಟವಾದರೂ ಸೇರುತ್ತಿತ್ತು. ಮರುದಿನವೇ ಅಧಿಕಾರಿಯನ್ನು ಬಯಲಿಗೆ ಕರೆದುಕೊಂಡು ಹೋದೆ. ಈಗ ಕಲ್ಲಿಲ್ಲದ ನೆಲ. ಬಾವುಟದಿಂದ ಬಾವುಟಕ್ಕೆ ಗಂಭೀರವಾಗಿ ನಡೆದೆ. ನಾನೂರ ತೊಂಬತ್ತೈದು ಹೆಜ್ಜೆ.

“ಉಳಿದ ನೂರೈದು ಎಲ್ಲೋಯ್ತು?” ಎಂದರು ಅಧಿಕಾರಿ.

“ಕಲ್ಲಿನ ಮಧ್ಯೆ ಕಾಲು ಹುಷಾರಾಗಿ ಇಟ್ಟಿದ್ದೆ ಸಾರ್. ಹೆಜ್ಜೆ ಗಿಡ್ಡ ಆಗಿದೆ. ಲೆಕ್ಕ ಮಾತ್ರ ಕಚೇರಿ ಮೊಗಸಾಲೆ ಹೆಜ್ಜೆದು.”

“ನಿಮಗೆ ಟೇಪು ಕೊಟ್ಟಿಲ್ವೇನ್ರೀ?”

ಚೀಲದಿಂದ ತೆಗೆದೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಅವರು ಒಂದು ತುದಿ ಹಿಡಿದರು. ಮುನ್ನೂರ ಎಪ್ಪತ್ತೊಂದು ಮೀಟರ್. ಆ ವಿಮಾನಕ್ಕೆ ನಾನೂರಾದರೂ ಬೇಕು.

ಅಕ್ಕನ ಪರವಾನಗಿ ಉಳಿಯಿತು. ನನ್ನನ್ನು ಆರು ತಿಂಗಳು ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸಿದರು. ಎರಡೆರಡು ಸಲ ಎಣಿಸಿದೆ.

ಅಳತೆಯ ಕೆಲಸಕ್ಕೆ ಮರಳಿದ ಮೇಲೆ ಸಿಕ್ಕ ಮೊದಲ ಬಯಲನ್ನು ಟೇಪಿನಲ್ಲೇ ಅಳೆದು ಚೀಟಿ ಕೊಟ್ಟೆ. ಅಕ್ಕ ಅದನ್ನು ಓದಿ, ವಿಮಾನದಲ್ಲಿ ತಮ್ಮ ಪಕ್ಕದ ಸೀಟನ್ನು ತಟ್ಟಿದರು. “ಹತ್ತು ತಮ್ಮಾ. ಇನ್ಮೇಲೆ ನೀನು ಅಳೆದ ಜಾಗದಲ್ಲಿ ಮೊದಲ ಸಲ ಇಬ್ರೂ ಇಳಿಯೋಣ.”

“ಅಕ್ಕಾ, ಒಂದು ನಿಮಿಷ,” ಎಂದೆ. “ಇನ್ನೊಂದ್ಸಲ ಅಳೆದು ಬಂದುಬಿಡ್ತೀನಿ.”