ಬೊಂಬಾಯಿಗೆ ಹೋದ ರುಮಾಲು

ಪರಸ್ಥಳಕ್ಕೆ ಹೊರಟವನಿಗೆ ಬುದ್ಧಿ ಹೇಳದೆ ಸುಮ್ಮನೆ ಕಳಿಸಿಕೊಟ್ಟ ಮನುಷ್ಯನನ್ನು ನಾನು ನಮ್ಮ ಹೊಸಪೇಟೆಯಲ್ಲಿ ಇನ್ನೂ ಕಂಡಿಲ್ಲ. ಹೊರಡುವವನ ಟ್ರಂಕಿನಲ್ಲಿ ಎರಡು ಧೋತರ, ಒಂದು ಅಂಗಿ, ಒಂದು ಗಂಟು ರೊಟ್ಟಿ ಇದ್ದರೆ ಹೆಚ್ಚು. ಆದರೆ ಅವನ ಎರಡು ಕಿವಿಗಳಲ್ಲಿ ತುಂಬಿಕೊಂಡು ಹೊರಟ ಸರಕಿಗೂ ರೈಲ್ವೆಯವರು ತೂಕ ಹಾಕಿ ಬಾಡಿಗೆ ಕೇಳುವುದಾಗಿದ್ದರೆ ನಮ್ಮ ಓಣಿಯ ಒಬ್ಬನೂ ಊರ ಗಡಿ ದಾಟುತ್ತಿರಲಿಲ್ಲ. ವಿಶೇಷವೆಂದರೆ ಹೀಗೆ ಉಪದೇಶಾಮೃತವನ್ನು ಧಾರಾಳವಾಗಿ ಹಂಚುವವರಲ್ಲಿ ಬಹುಪಾಲು ಮಂದಿ ಗುಂತಕಲ್ಲಿನ ಆಚೆ ಏನಿದೆಯೆಂದು ಕಂಡವರಲ್ಲ. ಕಂಡವನಾದರೆ ‘ಇರಬಹುದು, ಇಲ್ಲದೆಯೂ ಇರಬಹುದು’ ಎಂದು ತೊದಲುತ್ತಾನೆ. ಕಾಣದವನಿಗೆ ಅಂಥ ಅಡಚಣೆಯೊಂದೂ ಇಲ್ಲವಾದ್ದರಿಂದ ಅವನ ಮಾತು ನಿರರ್ಗಳ.

ನಾನೂ ನಮ್ಮ ಭಾವನೂ ಬೊಂಬಾಯಿಗೆ ಹೊರಟಾಗ ಈ ಅಮೃತ ಪ್ರವಾಹವಾಗಿ ಹರಿಯಿತು. ನಮ್ಮಿಬ್ಬರ ಪಾಲುಗಾರಿಕೆಯ ಅಕ್ಕಿ ಗಿರಣಿಗೆ ಹೊಸ ಯಂತ್ರವೊಂದು ಬೇಕಾಗಿತ್ತು. ಮದರಾಸಿಗೆ ಬರೆದರೆ ತಿಂಗಳುಗಟ್ಟಲೆ ಉತ್ತರವೇ ಬರುವುದಿಲ್ಲ, ಬೊಂಬಾಯಿಗೆ ಹೋದರೆ ಕೈಯಲ್ಲಿ ಮುಟ್ಟಿ ನೋಡಿ ತರಬಹುದು ಎಂಬುದು ಭಾವನ ಲೆಕ್ಕಾಚಾರ. ಭಾವ ವೀರಭದ್ರಪ್ಪನವರು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಅಲ್ಲಿ ಹೊಳೆಯ ಈ ದಂಡೆ ಮದರಾಸು ಸರಕಾರದ್ದು, ಆ ದಂಡೆ ನಿಜಾಮರದ್ದು. ಹರಿಗೋಲಿನಲ್ಲಿ ಕೂತು ಬಾಯಲ್ಲಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ಪರರಾಜ್ಯ ಬಂದುಬಿಡುತ್ತದೆ. ಹೀಗೆ ನೆಲ್ಲು ಕೊಳ್ಳುವ ನೆಪದಲ್ಲಿ ಎಳೆವಯಸ್ಸಿನಿಂದಲೂ ವಿದೇಶ ಪ್ರವಾಸ ಮಾಡಿ ಪಳಗಿದ ಭಾವನಿಗೆ ಬೊಂಬಾಯಿಯೆಂದರೆ ಸ್ವಲ್ಪ ಅಗಲವಾದ ಹೊಳೆಯ ಆಚೆ ದಂಡೆ, ಅಷ್ಟೇ. ನಾನು ಮಾತ್ರ ಹೊರಡುವುದಕ್ಕೆ ವಾರ ಮೊದಲೇ ಟ್ರಂಕಿನ ಬೀಗವನ್ನು ದಿನಕ್ಕೆರಡು ಸಲ ಎಳೆದು ನೋಡತೊಡಗಿದ್ದೆ. ನಾಲ್ಕಕ್ಷರ ಇಂಗ್ಲಿಷು ಕಲಿತವನೆಂಬ ಕಾರಣಕ್ಕೆ ನನ್ನನ್ನು ಧೈರ್ಯವಂತನೆಂದು ಎಲ್ಲರೂ ತಪ್ಪು ತಿಳಿದಿದ್ದರು.

ಬುದ್ಧಿಮಾತುಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಿದ್ದುದನ್ನು ನಾನು ಗಮನಿಸಿದೆ. ಹಗಲಿನ ಬೊಂಬಾಯಿಯ ಬಗ್ಗೆ ಯಾರಿಗೂ ಆಸಕ್ತಿಯಿರಲಿಲ್ಲ. ದೀಪ ಹಚ್ಚಿದ ಮೇಲಿನ ಬೊಂಬಾಯಿಯೇ ಎಲ್ಲರ ಚಿಂತೆ. ಅಪರಿಚಿತರು ಕೊಟ್ಟ ಎಲೆಯಡಿಕೆ ಹಾಕಿಕೊಳ್ಳಬೇಡಿ, ಅದರಲ್ಲಿ ಅಮಲೇರಿಸುವ ಪುಡಿಯಿರುತ್ತದೆ. ಮಹಡಿಯ ಮೇಲಿಂದ ಹಾಡು ಕೇಳಿಸಿದರೆ ತಲೆ ಎತ್ತಬೇಡಿ. ತಲೆ ಎತ್ತಿದಿರಾದರೆ ಮೆಟ್ಟಿಲು ಹತ್ತಬೇಡಿ. ಹತ್ತಿದಿರಾದರೆ ಬಾಗಿಲ ಪಕ್ಕದಲ್ಲೇ ಕೂತುಕೊಳ್ಳಿ. ನೆಲ್ಲಿನ ಗಾಡಿ ಹೊಡೆದುಕೊಂಡು ಬಂದ ಪಾಪಿನಾಯಕನಹಳ್ಳಿಯ ಮುದುಕರೊಬ್ಬರಂತೂ ಎತ್ತಿನ ಕೊರಳ ಹಗ್ಗ ಬಿಚ್ಚುವುದನ್ನೂ ಮರೆತು, ಆ ಮಹಡಿಗಳ ಒಳಗಿನ ವಿನ್ಯಾಸವನ್ನು ತಮ್ಮ ಸ್ವಂತ ಕಣಜದಷ್ಟು ವಿವರವಾಗಿ ಬಣ್ಣಿಸಿದರು. ಹೋಗಬೇಡಿ ಎಂದವರ ದನಿಯಲ್ಲೆಲ್ಲ ‘ಹೋಗಿ ಬಂದು ನಮಗೂ ಹೇಳಿ’ ಎಂಬ ಮೊರೆ ಇದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಕೆಲಸಕ್ಕೆ ಬರುವಂಥ ಬುದ್ಧಿ ಹೇಳಿದವಳು ನಮ್ಮ ಅಕ್ಕ ಪಾರ್ವತೆವ್ವ ಒಬ್ಬಳೇ. ನಮ್ಮದು ಲಿಂಗ ಕಟ್ಟಿದ ಮನೆತನ. ಹುಟ್ಟಿದಾಗ ಮೈಮೇಲೆ ಬಂದ ಇಷ್ಟಲಿಂಗ ಮಣ್ಣಿಗೆ ಹೋಗುವವರೆಗೆ ಮೈಬಿಟ್ಟು ಅಗಲಬಾರದು. ಅದಕ್ಕೆ ಪೂಜೆಯಾಗದೆ ತುತ್ತು ಎತ್ತಬಾರದು. ನೆಲಕ್ಕೆ ಬಿತ್ತೋ, ಆಮೇಲಿನ ಮಾತನ್ನು ಹಿರಿಯರು ಆಡಿ ಮುಗಿಸುವುದೇ ಇಲ್ಲ. ಭಾವ ಅದನ್ನು ದೊಡ್ಡ ಬೇಲದಕಾಯಿಯಷ್ಟು ಗಾತ್ರದ ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿ, ಅಂಗಿಯ ಮೇಲೆಯೇ ಮೆರೆಸುತ್ತಿದ್ದರು.

“ಬೆಳ್ಳಿ ಮನ್ಯಾಗ ಇರ್ಲಿ ಬಿಡ್ರಿ,” ಎಂದಳು ಅಕ್ಕ. “ಬೊಂಬಾಯಿ ಕಳ್ಳಗ ಒಳಗ ದೇವ್ರದಾನಂತ ಏನ್ ಗೊತ್ತು? ಲಿಂಗನ್ನ ಅರಿವ್ಯಾಗ ಕಟ್ಟಿ, ರುಮಾಲಿನ ನಡುವ ಇಟ್ಟು, ತಲಿಗೆ ಸುತ್ತಿಕೊಳ್ರಿ. ಕೊಳ್ಳಿಗೆ ಕೈ ಹಾಕ್ಯಾರು, ಕಿಸೇಕ ಕೈ ಹಾಕ್ಯಾರು. ಮಂದಿ ತಲಿಗೆ ಯಾವ ಕಳ್ಳಾನೂ ಕೈ ಹಾಕಂಗಿಲ್ಲ.”

ಶಾಸ್ತ್ರಕ್ಕೂ ಸಮ್ಮತ, ಏಕೆಂದರೆ ಲಿಂಗವನ್ನು ಶಿರಸ್ಸಿನಲ್ಲಿ ಧರಿಸಲು ಅಡ್ಡಿಯಿಲ್ಲ, ಲೋಕಕ್ಕೂ ಸಮ್ಮತ. ನಮ್ಮ ಕಡೆ ಗಂಡಸಿನ ರುಮಾಲೆಂದರೆ ಬಟ್ಟೆಯಲ್ಲ, ಮನೆತನ. ಸಂಡೂರಿನ ಸಂತೆಯಲ್ಲಿ ಒಬ್ಬ ಇನ್ನೊಬ್ಬನ ರುಮಾಲಿಗೆ ಕೈ ತಾಗಿಸಿದನೆಂದರೆ ಮೊಮ್ಮಕ್ಕಳ ಕಾಲದವರೆಗೂ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದು ನಿಂತುಹೋಗುತ್ತದೆ. ಇಡೀ ಪ್ರಪಂಚದ ರೀತಿಯೂ ಇದೇ ಎಂದು ಅಕ್ಕ ನಂಬಿದ್ದಳು, ಭಾವ ನಂಬಿದ್ದರು, ಇಂಗ್ಲಿಷು ಓದಿದ ನಾನೂ ನಂಬಿದ್ದೆ. ನನ್ನ ಲಿಂಗವಾದರೋ ಅರಿವೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಕೋಟಿನ ಗುಂಡಿಗಳೊಳಗೆ ಹುಗಿದದ್ದು. ಟೋಪಿಯೊಳಗೆ ಇಡುವಂಥದು ನನ್ನ ಬಳಿ ತಲೆಯ ಹೊರತು ಬೇರೇನೂ ಇರಲಿಲ್ಲ.

ಗದಗಿನಲ್ಲೊಮ್ಮೆ ಹೋಟಗಿಯಲ್ಲೊಮ್ಮೆ ಗಾಡಿ ಬದಲಿಸಿ ಬೊಂಬಾಯಿ ಸೇರಿದೆವು. ಯಂತ್ರದ ವ್ಯಾಪಾರ ನಿರೀಕ್ಷೆಗಿಂತ ಸುಸೂತ್ರವಾಗಿ ಮುಗಿದು, ಅಂಗಡಿಯ ಗುಮಾಸ್ತ ನಮ್ಮ ಮೇಲೆ ಪ್ರಸನ್ನನಾದ. ಸೊಲ್ಲಾಪುರದ ಕಡೆಯ ಆ ಗೃಹಸ್ಥನಿಗೆ ಒಂದಿಷ್ಟು ಕನ್ನಡವೂ ಬರುತ್ತಿತ್ತು. ಇಷ್ಟು ದೂರ ಬಂದು ಇಲ್ಲಿನ ಗಾಯನ ಕೇಳದೆ ಹೋದರೆ ಊರಲ್ಲಿ ಏನು ಹೇಳುತ್ತೀರಿ ಎಂದು ಆತ ಕೇಳಿದ್ದೇ ತಡ, ನನ್ನ ಕಣ್ಣ ಮುಂದೆ ನಮ್ಮ ಓಣಿಯ ಅಷ್ಟೂ ಮುಖಗಳು ಆಸೆಯಿಂದ ನಿಂತಂತಾಯಿತು. ಭಾವ ಬಹಳ ಹೊತ್ತು ಧರ್ಮಾಧರ್ಮ ವಿಚಾರ ಮಾಡಿದರು.

“ಕೇಳೂದ್ರಾಗ ತಪ್ಪೇನಿಲ್ಲ ತಮ್ಮಾ,” ಎಂದರು ಕೊನೆಗೆ. “ನೋಡೂದು ತಪ್ಪು. ಕಣ್ಣು ಮುಚ್ಚಿ ಕುಂದ್ರೋಣು.”

ಮುನ್ನೆಚ್ಚರಿಕೆಯ ವಿಷಯದಲ್ಲಿ ನಮ್ಮನ್ನು ಯಾರೂ ಹಳಿಯುವಂತಿರಲಿಲ್ಲ. ಹಣದ ಚೀಲವನ್ನು ಇಳಿದುಕೊಂಡಿದ್ದ ಛತ್ರದ ಯಜಮಾನರ ಕಪಾಟಿನಲ್ಲಿ ಇಟ್ಟೆವು. ಎಲ್ಲಿಗೆ ಹೋಗುತ್ತೇವೆಂದು ಅವರ ಕಿವಿಯಲ್ಲಿ ಹೇಳಿದೆವು. ಕೇಳಿದ ಕೂಡಲೆ ಅವರ ಕಣ್ಣು ಹೊಳೆದದ್ದನ್ನು ಕಾಣದವರಂತೆ ನಟಿಸಿದೆವು. ಬಿಸಿಲು ಇಳಿಯುವಾಗ ಹೊರಟು ಬೀದಿದೀಪ ಹೊತ್ತುವಷ್ಟರಲ್ಲಿ ಮರಳುವುದೆಂದು ನಿಶ್ಚಯಿಸಿ, ದಾರಿಯ ತಿರುವುಗಳನ್ನೆಲ್ಲ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆವು. ಗುಮಾಸ್ತನ ಹಿಂದೆ ಮಹಡಿ ಹತ್ತಿ ಬಾಗಿಲ ಪಕ್ಕದಲ್ಲೇ ಕೂತೆವು. ಅಲ್ಲಿ ಕೊಟ್ಟ ಎಲೆಯಡಿಕೆಯನ್ನು ಕೈಯಲ್ಲಿ ಹಿಡಿದು ನಮಸ್ಕರಿಸಿ ಕೆಳಗಿಟ್ಟೆವು. ಪಾಪಿನಾಯಕನಹಳ್ಳಿಯ ಮುದುಕರು ಕಂಡಿದ್ದರೆ ಹೆಮ್ಮೆಪಡುತ್ತಿದ್ದರು.

ಬಿಳಿಯ ಹಾಸು, ಲೋಡುಗಳು, ಎಂಟು ಹತ್ತು ಮಂದಿ ಸಭ್ಯರಾದ ಶ್ರೋತೃಗಳು. ಹಾಡುವಾಕೆಗೆ ಮೂವತ್ತರ ಆಸುಪಾಸು. ದನಿ ಎತ್ತಿದಳು ನೋಡಿ, ಕಣ್ಣು ಮುಚ್ಚಿ ಕೂರುವ ಭಾವನ ಪ್ರತಿಜ್ಞೆ ಮೊದಲ ಸಾಲಿಗೇ ಮುರಿಯಿತು. ಅದು ಮುರಿಯದಿದ್ದರೆ ಅವರ ಬಗ್ಗೆ ನನಗಿದ್ದ ಗೌರವ ಕಡಿಮೆಯಾಗುತ್ತಿತ್ತು. ಭಾಷೆ ಪೂರ್ತಿ ತಿಳಿಯದಿದ್ದರೂ ನನಗೆ ಎಂಥದೋ ಸುಖವೆನಿಸಿ, ಇಷ್ಟೊಂದು ಒಳ್ಳೆಯ ಜಾಗಕ್ಕೆ ಇಷ್ಟೊಂದು ಭಯಪಟ್ಟು ಬಂದೆವಲ್ಲ ಎಂದು ನಗು ಬಂತು.

ಅಷ್ಟರಲ್ಲಿ ಆಕೆ ಎದ್ದು ಗೆಜ್ಜೆ ಕಟ್ಟಿಕೊಂಡಳು. ಹಾಡಿನಲ್ಲಿ ನಾಯಕನ ಪಾಲಿನ ಮಾತು ಬಂದಾಗ ಸಭೆಯಲ್ಲೊಬ್ಬ ಗೌರವಸ್ಥರ ರುಮಾಲು ತೆಗೆದು ತನ್ನ ತಲೆಗಿಟ್ಟುಕೊಂಡು ಗಂಡಿನ ಗತ್ತಿನಲ್ಲಿ ಅಭಿನಯಿಸುವುದು ಅಲ್ಲಿನ ರೂಢಿಯಂತೆ. ಅದು ಅತಿಥಿಗೆ ಸಲ್ಲುವ ಅತ್ಯಂತ ದೊಡ್ಡ ಮರ್ಯಾದೆಯೆಂದು ಗುಮಾಸ್ತ ನನಗೆ ಪಿಸುಗುಟ್ಟಿ ಮುಗಿಸುವುದರೊಳಗೆ ಆಕೆ ನಮ್ಮತ್ತ ತೇಲಿ ಬಂದು, ಭಾವನ ಜರಿಯಂಚಿನ ರುಮಾಲನ್ನು ಎರಡೂ ಕೈಯಿಂದ ಎತ್ತಿ ಧರಿಸಿಯೇ ಬಿಟ್ಟಿದ್ದಳು. ಎಲ್ಲರೂ ‘ವಾಹವಾ’ ಎಂದರು.

ಭಾವನ ಮುಖ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಕೈ ಚಾಚಿ ಕಿತ್ತುಕೊಂಡರೆ ರುಮಾಲು ಬಿಚ್ಚಿ ಒಳಗಿನದು ನೆಲಕ್ಕೆ. ಸುಮ್ಮನೆ ಕೂತರೆ ಆಕೆ ಹಾಕುವ ಒಂದೊಂದು ಸುತ್ತಿಗೂ ರುಮಾಲಿನ ಸೆರಗು ಗೇಣುಗೇಣು ಸಡಿಲವಾಗುತ್ತಿದೆ. ಭಾವ ಎದ್ದು ನಿಂತು ಕೈಜೋಡಿಸಿದರು.

“ಅವ್ವಾ, ತಿರಗಬ್ಯಾಡ! ಅದರಾಗ ನಮ್ಮ ದೇವ್ರದಾನ. ತಿರಗಬ್ಯಾಡವ್ವಾ!”

ಆ ಮನೆಯಲ್ಲಿ ‘ಅವ್ವಾ’ ಎಂಬ ಸಂಬೋಧನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಅರ್ಥವಾಗದಿದ್ದರೂ ನಾಲ್ಕಾರು ಜನ ನಕ್ಕರು. ಗುಮಾಸ್ತ ಕಂಗಾಲಾಗಿ ಬಾಯಿ ತೆರೆದಿದ್ದ. ಆಗ ನಾನು ನಮ್ಮ ಪೇಟೆಯ ಮುಸಲ್ಮಾನ ಸಾಹೇಬರ ಸಹವಾಸದಲ್ಲಿ ಗಳಿಸಿದ್ದ ಅಷ್ಟೂ ಹಿಂದುಸ್ತಾನಿಯನ್ನು ಒಟ್ಟುಗೂಡಿಸಿ ಕೂಗಿದೆ: “ಪಗಡೀ ಕೆ ಅಂದರ್ ಹಮಾರಾ ದೇವರು ಹೈ!”

ಆಕೆಯ ಕಾಲು ನಿಂತಿತು. ತಬಲ ನಿಂತಿತು. ‘ದೇವರು’ ತಿಳಿಯಿತೋ, ಭಾವನ ಮುಖವೇ ಎಲ್ಲವನ್ನೂ ತಿಳಿಸಿತೋ, ಆಕೆ ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿ ರುಮಾಲನ್ನು ಭದ್ರವಾಗಿ ಹಿಡಿದಳು. ಗೆಜ್ಜೆ ಸದ್ದಾಗದಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದು, ಭಾವನ ಮುಂದೆ ಮಂಡಿಯೂರಿ ಕೂತು ತಲೆ ಬಾಗಿಸಿದಳು. ಭಾವ ಹಾಲಿನ ಗಡಿಗೆ ಇಳಿಸುವವರ ಹಾಗೆ ಅದನ್ನು ಎತ್ತಿಕೊಂಡು, ಒಳಗೆ ಬೆರಳಾಡಿಸಿ, ಗಂಟು ಗಟ್ಟಿಯಾಗಿದೆಯೆಂದು ಕಂಡು, ಎದೆಗೆ ಅವಚಿಕೊಂಡರು.

ಗುಮಾಸ್ತ ಸಾವಕಾಶವಾಗಿ ಎಲ್ಲವನ್ನೂ ವಿವರಿಸಿದ ಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು. ಆತ ಅದನ್ನು ಕನ್ನಡಕ್ಕೆ ತಿರುಗಿಸಿದ: ತನ್ನಂಥವಳ ತಲೆಯ ಮೇಲೆ ದೇವರು ಇದ್ದದ್ದರಿಂದ ಇವರ ಊಟ ನಿಲ್ಲುತ್ತದೆಯೇ? ಭಾವ ರುಮಾಲನ್ನು ಹಿಡಿದುಕೊಂಡು ಬಾಗಿಲತ್ತ ತಿರುಗಿದರು. ನಾನೂ ತಿರುಗಿದೆ. ಇಬ್ಬರೂ ದಡದಡನೆ ಮೆಟ್ಟಿಲಿಳಿದು ಬಂದೆವು.

ಊಟ ನಿಂತದ್ದು ನಿಜ. ಮರುದಿನ ಗಾಡಿ ಹತ್ತಿದ ಭಾವ ಊರು ಮುಟ್ಟುವ ತನಕ ಪೂಜೆಯನ್ನೇನೋ ಮಾಡಿದರು, ರೊಟ್ಟಿಯ ಗಂಟು ಬಿಚ್ಚಲಿಲ್ಲ.

“ನಿಮ್ಮಕ್ಕನ ಮುಂದ ಎಲ್ಲಾ ಹೇಳ್ತೀನಿ,” ಎಂದರು. “ಆಕಿ ನೀಡಿದ್ರ ಉಣ್ತೀನಿ. ಇಲ್ಲಾಂದ್ರ ಇಲ್ಲ.”

ಜಗದ್ಗುರುಗಳ ಪೀಠಕ್ಕಿಂತ ಮೇಲಿನ ನ್ಯಾಯಾಲಯ ಅಡುಗೆಮನೆಯಲ್ಲಿದೆಯೆಂದು ಅವರು ಹೀಗೆ ಒಪ್ಪಿಕೊಂಡದ್ದು ನನಗೆ ಬಹಳ ಹಿಡಿಸಿತು. ಅವರ ಪಾಲಿನ ರೊಟ್ಟಿ ಕೆಡಬಾರದೆಂಬ ಏಕಮಾತ್ರ ಸದುದ್ದೇಶದಿಂದ ಅದನ್ನೂ ನಾನೇ ತಿಂದೆ. ಆದರೆ ತಿನ್ನುತ್ತ ತಿನ್ನುತ್ತ ನನಗೂ ಭಯವಿತ್ತು. ಅಕ್ಕ ಸಿಟ್ಟಿಗೆದ್ದು ನೀಡಲಾರೆನೆಂದರೆ ಈ ಮನುಷ್ಯ ನಿಜವಾಗಿಯೂ ಉಣ್ಣದೆ ಕೂರುವವರೇ.

ಅಕ್ಕ ಸಾರಿನ ಸೌಟು ಹಿಡಿದು ನಿಂತೇ ಎಲ್ಲವನ್ನೂ ಕೇಳಿದಳು. ಭಾವ ಏನನ್ನೂ ಮುಚ್ಚಿಡಲಿಲ್ಲ; ಹಾಡು ಚೆನ್ನಾಗಿತ್ತೆಂಬುದನ್ನೂ ಹೇಳಿದರು.

“ನೆಲಕ್ಕ ಬಿತ್ತೇನ್ರಿ?”

“ಇಲ್ಲ. ಆಕಿ ಕುಂತು, ತಲಿ ಬಗ್ಗಿಸಿ ಕೊಟ್ಟಳು.”

“ಆಮ್ಯಾಲೆ ಆಕಿ ಕೇಳಿದ್ದಕ್ಕ ನೀವೇನಂದ್ರಿ?”

ನಾನು ಭಾವನ ಮುಖ ನೋಡಿದೆ, ಭಾವ ನನ್ನ ಮುಖ ನೋಡಿದರು. ಅಕ್ಕನಿಗೆ ಸಿಟ್ಟು ಬಂದದ್ದು ಆಗಲೇ.

“ದೇವ್ರನ್ನ ತಲಿಮ್ಯಾಲೆ ಹೊತ್ತು, ಬೀಳಗೊಡದಂಗ ತಂದು ಕೊಟ್ಟ ಹೆಣ್ಮಗಳು. ಆಕಿಗೆ ಉಡಿ ತುಂಬಲಿಲ್ಲ, ಒಂದು ಮಾತು ಆಡಲಿಲ್ಲ, ಕಳ್ಳರಂಗ ಇಳದು ಬಂದ್ರಿ? ಪಾಪ, ಆಕಿಗೆ ಅದೇ ಕೊರಗು ಹತ್ತಿರಬೇಕು. ಕುಂದ್ರಿ, ಮೊದಲು ಉಣ್ರಿ.”

ಭಾವ ಉಂಡರು. ಅಷ್ಟೊಂದು ಅನ್ನವನ್ನು ಅಷ್ಟೊಂದು ಸಂತೋಷದಿಂದ ಉಂಡ ಗಂಡಸನ್ನು ನಾನು ಮತ್ತೆ ಕಂಡಿಲ್ಲ.

ಈಗ ಹೊಸಪೇಟೆಯಿಂದ ಬೊಂಬಾಯಿಗೋ ಮದರಾಸಿಗೋ ಹೊರಟವರು ಅನುಭವಸ್ಥನೆಂದು ನನ್ನ ಬಳಿ ಬುದ್ಧಿ ಕೇಳಲು ಬರುತ್ತಾರೆ. ಕಿಸೆ, ಕಪಾಟು, ಎಲೆಯಡಿಕೆ ಎಲ್ಲವನ್ನೂ ನಾನೂ ತಪ್ಪದೆ ಹೇಳುತ್ತೇನೆ, ಅವೆಲ್ಲ ಬೇಕಾದವೇ. ಆದರೆ ಪರವೂರಿನ ಕೆಡುಕಿಗಷ್ಟೇ ಸಿದ್ಧರಾಗಿ ಹೋಗಬೇಡಿ, ಅಲ್ಲಿ ಯಾರಾದರೂ ಒಳ್ಳೆಯದು ಮಾಡಿಬಿಟ್ಟರೆ ಏನು ಹೇಳಬೇಕೆಂಬುದನ್ನೂ ಕಲಿತು ಹೋಗಿ ಎನ್ನುತ್ತೇನೆ. ಅದನ್ನು ನಾನು ಕಲಿತದ್ದು ಎರಡನೆಯ ಪ್ರಯಾಣದಲ್ಲಿ.

ಮುಂದಿನ ಸುಗ್ಗಿ ಕಳೆದು ಯಂತ್ರದ ಬಿಡಿಭಾಗಕ್ಕೆಂದು ನಾವು ಮತ್ತೆ ಹೊರಟಾಗ ಅಕ್ಕ ತಾನೂ ಬರುವೆನೆಂದು ಪಟ್ಟು ಹಿಡಿದಳು. ಓಣಿಯ ಬಾಯಿಗಳು ತಾವಾಗಿ ಮುಚ್ಚಿದವು. ಹೆಂಗಸರಿಗೆ ಹೇಳುವಂಥ ಬುದ್ಧಿ ಆ ವಿಷಯದಲ್ಲಿ ಯಾರ ಬಳಿಯೂ ಇರಲಿಲ್ಲ. ಇಳಿಹೊತ್ತಿನಲ್ಲಿ ಗುಮಾಸ್ತನನ್ನು ಮುಂದೆ ಮಾಡಿಕೊಂಡು ಅದೇ ಮೆಟ್ಟಿಲು ಹತ್ತಿದೆವು. ಭಾವನನ್ನು ಕಂಡ ಕೂಡಲೆ ಆ ಹೆಣ್ಣುಮಗಳು ಗುರುತು ಹಿಡಿದು ಗಾಬರಿಯಾಗಿ ಎದ್ದು ನಿಂತಳು. ಅಕ್ಕ ನೇರ ಹೋಗಿ ಅವಳ ಸೆರಗಿನ ತುದಿಯನ್ನು ತಾನೇ ಹಿಡಿದು, ಅದರೊಳಗೆ ಕಂಪ್ಲಿಯ ಅಕ್ಕಿ ಸುರಿದು, ತೆಂಗಿನಕಾಯಿ, ಅಡಿಕೆ, ಕುಪ್ಪಸದ ಖಣ ಇಟ್ಟು, ಹಣೆಗೆ ಕುಂಕುಮ ಹಚ್ಚಿದಳು. ಇದೆಲ್ಲ ಏನೆಂದು ತಿಳಿಯದೆ ಆಕೆ ತುಂಬಿದ ಸೆರಗನ್ನು ಹಿಡಿದು ನಮ್ಮ ಮೂವರ ಮುಖವನ್ನೂ ನೋಡಿದಳು.

“ಲೇ ತಮ್ಮಾ, ನಿನ್ನ ಹಿಂದುಸ್ತಾನಿಯಾಗ ಹೇಳೋ,” ಎಂದಳು ಅಕ್ಕ. “ಅವತ್ತ ಇವ್ರು ಮನಿಗೆ ಬಂದು ಹೊಟ್ಟಿ ತುಂಬ ಉಂಡ್ರು ಅಂತ ಹೇಳು.”

ನಾನು ಹೇಳಿದೆ. ಆಕೆ ಕಣ್ಣು ತುಂಬಿಕೊಂಡು, ಆಮೇಲೆ ನಕ್ಕು, ಉಡಿಯನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದು ಕೈಯಿಂದ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಅವರಿಬ್ಬರೂ ಕೈ ಹಿಡಿದುಕೊಂಡು ಏನು ಮಾತಾಡಿದರೋ ನಮಗೆ ತಿಳಿಯಲಿಲ್ಲ. ಆ ದಿನದ ಗಾಡಿಯಂತೂ ತಪ್ಪಿತು.