ಸಾಕ್ಷಿಗೆ ಬಂದ ಸ್ತೋತ್ರಮ್ಮ

ಎದುರಿಗೆ ಸಿಕ್ಕವರಿಗೆಲ್ಲ ನಮಸ್ಕಾರದ ಬದಲು ‘ಸ್ತೋತ್ರ’ ಅನ್ನುತ್ತಿದ್ದುದರಿಂದ ಆಕೆಗೆ ಸ್ತೋತ್ರಮ್ಮ ಎಂಬ ಹೆಸರೇ ಅಂಟಿಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಮಾರಿ, ಸುವಾರ್ತೆ ಸಾರುತ್ತೇನೆಂದು ಹೊರಟವಳು. ಬಾಗಿಲು ಬಡಿಯುವುದು, ಬೈಸಿಕೊಳ್ಳುವುದು, ಕರಪತ್ರ ಕೊಟ್ಟು ಪಕ್ಕದ ಮನೆಗೆ ಹೋಗುವುದು. ಬೈದಷ್ಟೂ ಹುರುಪು ಹೆಚ್ಚುವ ಜಾತಿ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

ಇತ್ತೀಚೆಗೆ ರಿಜಿಸ್ಟ್ರಾರ್ ಆಫೀಸಿನ ವರಾಂಡದ ಮೇಲೆ ಅವಳ ಕಣ್ಣು ಬಿದ್ದಿತ್ತು. ಸರದಿಯಲ್ಲಿ ಕೂತವರು ಎದ್ದು ಓಡಿಹೋಗುವಂತಿಲ್ಲವಲ್ಲ! ಅಂದು ಚೀಲ ಬಿಚ್ಚಿ ಕರಪತ್ರ ತೆಗೆಯುತ್ತಿರುವಾಗ ಜವಾನ ಏದುಸಿರು ಬಿಡುತ್ತಾ ಬಂದ.

“ಸಾಕ್ಷಿಗೆ ಬಂದೋರು ನೀವೇನಾ? ಬೇಗ ಬನ್ನಿ, ಸಾಹೇಬ್ರು ಊಟಕ್ಕೆ ಎದ್ದುಬಿಡ್ತಾರೆ.”

ದೇವರು ತಮಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೆ ಸ್ತೋತ್ರಮ್ಮನ ಚರ್ಚಿನ ಸಭೆಯವರು ‘ಸಾಕ್ಷಿ ಹೇಳುವುದು’ ಅನ್ನುತ್ತಾರೆ. ಅದಕ್ಕಾಗಿ ಅವಳನ್ನು ಯಾರಾದರೂ ಹುಡುಕಿಕೊಂಡು ಬಂದದ್ದು ಇದೇ ಮೊದಲು. ಅವಳ ಸಂತೋಷ ಕೇಳಬೇಕೇ?

“ಹೌದಪ್ಪ, ಸಾಕ್ಷಿಗೇ ಬಂದಿದ್ದು.”

ಒಳಗೆ ಅಧಿಕಾರಿಯ ಮೇಜಿನ ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಹುಡುಗನ ಇಬ್ಬರು ಗೆಳೆಯರು. ಸ್ತೋತ್ರಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಶುರುಮಾಡಿಯೇಬಿಟ್ಟಳು.

“ನಾನು ಮಹಾ ಪಾಪಿಯಾಗಿದ್ದೆ...”

“ಅದೆಲ್ಲ ಇರ್ಲಿ ತಾಯಿ,” ಅಧಿಕಾರಿ ಗಡಿಯಾರ ನೋಡಿದ. “ಹುಡುಗಿ ಕಡೆಯಿಂದ ಒಬ್ಬರಾದ್ರೂ ಸಾಕ್ಷಿ ಬೇಕು. ಇಲ್ದಿದ್ರೆ ಈ ಮದುವೆ ರಿಜಿಸ್ಟರ್ ಮಾಡಲ್ಲ. ಇವಳು ನಿಮಗೆ ಗೊತ್ತಾ?”

ಸ್ತೋತ್ರಮ್ಮ ತಬ್ಬಿಬ್ಬಾದಳು. ಆ ಮುಖವನ್ನು ಅವಳು ಕಂಡದ್ದೇ ಇಲ್ಲ. ‘ಇಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿ ಅವಳ ಕೈ ಹಿಡಿದುಕೊಂಡು ಮೂಲೆಗೆ ಎಳೆದಳು.

“ಅಕ್ಕಾ, ನಾನು ಹಸಿರು ಬಾಗಿಲಿನ ಮನೆಯವಳು. ನಮ್ಮಮ್ಮ ವಾರಾ ವಾರಾ ನಿಮ್ಮ ಹತ್ರ ಜಗಳ ಆಡ್ತಾರಲ್ಲ, ಆ ಮನೆ.”

ಆ ಮನೆಯನ್ನು ಮರೆಯುವುದುಂಟೇ! ಉಳಿದವರು ದಢಾರನೆ ಬಾಗಿಲು ಹಾಕಿಕೊಂಡರೆ, ಆ ತಾಯಿ ಮಾತ್ರ ಹೊರಗೆ ಬಂದು, ಬೆವರಿಳಿಯುವವರೆಗೆ ವಾದಿಸುತ್ತಿದ್ದಳು. ಇಷ್ಟು ಕೂಗಾಡುವವಳ ಮನಸ್ಸು ಖಂಡಿತ ಕರಗುತ್ತಿದೆ ಎಂದುಕೊಂಡು ಸ್ತೋತ್ರಮ್ಮ ಆ ಮನೆಗಾಗಿ ಮೊಣಕಾಲೂರಿ ಪ್ರಾರ್ಥಿಸದ ದಿನವಿರಲಿಲ್ಲ.

“ಅಮ್ಮ ನಿಮಗೆ ಬೈಯೋಷ್ಟು ಹೊತ್ತೂ ನಾನು ಒಳಗೆ ಇವರ ಹತ್ರ ಫೋನಲ್ಲಿ ಮಾತಾಡ್ತಿದ್ದೆ. ಬೇರೆ ಹೊತ್ತಲ್ಲಿ ಅಮ್ಮ ನನ್ನ ಪಕ್ಕ ಬಿಟ್ಟು ಅಲ್ಲಾಡ್ತಿರಲಿಲ್ಲ. ನೀವು ಬರದೇ ಇದ್ದಿದ್ರೆ ಈ ಮದುವೆನೇ ಇಲ್ಲ ಅಕ್ಕಾ. ಬರ್ತೀನಿ ಅಂದಿದ್ದ ಗೆಳತಿ ಕೈಕೊಟ್ಟಳು. ಈಗ ಮನೆಗೆ ವಾಪಸ್ ಹೋದ್ರೆ ನನ್ನನ್ನ ಇನ್ನು ಹೊರಗೇ ಬಿಡಲ್ಲ.”

ನಗಬೇಕೋ ಅಳಬೇಕೋ ಸ್ತೋತ್ರಮ್ಮನಿಗೆ ತೋಚಲಿಲ್ಲ. ಇಷ್ಟು ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ಇದೇನಾ? ಇಲ್ಲವೇ ಈ ಹುಡುಗಿ ದೇವರಿಗೇ ಟೋಪಿ ಹಾಕಿದಳೋ? ಗೊತ್ತು ಎಂದರೆ ಸುಳ್ಳುಸಾಕ್ಷಿ. ಆ ಪಾಪ ಬೇಡ. ಗೊತ್ತಿಲ್ಲ ಎಂದರೆ ಈ ಮಗುವಿನ ಬಾಳು ಏನಾದೀತು? ತಲೆ ಗಿರ್‍ರೆಂದಿತು. ಹುಡುಗಿ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

“ಏನಮ್ಮ, ಗೊತ್ತಾ ಇಲ್ವಾ?”

“ಇವಳ ತಾಯಿ ಗೊತ್ತು ಸ್ವಾಮಿ,” ಅಂದಳು ಸ್ತೋತ್ರಮ್ಮ. “ಚೆನ್ನಾಗಿ ಗೊತ್ತು.”

“ಅಷ್ಟು ಸಾಕು. ಇಲ್ಲಿ ಸೈನ್ ಹಾಕಿ.”

ಹಾಕಿದಳು. ಹುಡುಗಿ ಅವಳನ್ನು ತಬ್ಬಿಕೊಂಡು ಅತ್ತಳು. ಜವಾನನೂ ಕಣ್ಣೊರೆಸಿಕೊಂಡ. ಅಷ್ಟು ಮಂದಿಯಲ್ಲಿ ಒಬ್ಬರಿಗಾದರೂ ಕರಪತ್ರ ಕೊಡಬೇಕೆಂಬುದು ಸ್ತೋತ್ರಮ್ಮನಿಗೆ ನೆನಪಾಗಲಿಲ್ಲ.

ಹೊರಗೆ ಬಂದವಳು ಮನೆಗೆ ಹೋಗಬಹುದಿತ್ತು. ಆದರೆ ಆ ತಾಯಿ ಗೊತ್ತು ಎಂದು ಈಗಷ್ಟೇ ಹೇಳಿ ಸೈನ್ ಹಾಕಿ ಬಂದಿದ್ದಾಳೆ. ಗೊತ್ತಿದ್ದವಳಿಗೆ ಹೇಳದೆ ಇರುವುದು ಹೇಗೆ? ಹೇಳುವುದಾದರೂ ಹೇಗೆ? ಕಾಲುಗಳು ಹಸಿರು ಬಾಗಿಲಿನ ಕಡೆಗೇ ನಡೆದವು.

ಬಡಿಯುವ ಮೊದಲೇ ಬಾಗಿಲು ತೆರೆಯಿತು. ತಾಯಿಯ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು. ಅವಳು ಬೈಯಲಿಲ್ಲ.

“ಮಗಳು ಬೆಳಿಗ್ಗೆಯಿಂದ ಕಾಣ್ತಿಲ್ಲ. ನೀನು ಬೀದಿ ಬೀದಿ ತಿರುಗೋಳು, ಎಲ್ಲಾದ್ರೂ ಕಂಡ್ಯಾ?”

“ಕಂಡೆ,” ಅಂದಳು ಸ್ತೋತ್ರಮ್ಮ. “ಚೆನ್ನಾಗಿದ್ದಾಳೆ.”

ತಾಯಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ದೇವರೇ ನಿನ್ನನ್ನ ಕಳಿಸಿದ ನೋಡು. ಒಳಗೆ ಬಾ, ಕೂತ್ಕೊಂಡು ಎಲ್ಲಾ ಹೇಳು.”

ಈ ಒಂದು ಮಾತನ್ನು ಆ ಬಾಯಿಂದ ಕೇಳಬೇಕೆಂದು ವರ್ಷಗಟ್ಟಲೆ ಬೇಡಿಕೊಂಡಿದ್ದ ಸ್ತೋತ್ರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಹೋಗಬೇಕೋ ಓಡಿಹೋಗಬೇಕೋ ಅವಳಿಗೆ ತಿಳಿಯಲಿಲ್ಲ.