ಪೇಪರಿನ ಮೇಲೆ ನಲವತ್ತು ಮೈ

ಬೀದಿಗೆಲ್ಲ ಅವಳು ಮಿಷಿನ್ ಅಕ್ಕ. ಇಪ್ಪತ್ತೆರಡು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಕೂತು ಊರಿನ ಬಟ್ಟೆ ಹೊಲಿದವಳು. ಅವಳದೊಂದು ಹಟವಿತ್ತು: ಅಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ. ಟೇಪು ಹಿಡಿದು ಅಳೆದವಳೇ ಹಳೇ ಪೇಪರು ಹಾಸಿ, ಆ ಮೈಗೆ ತಕ್ಕಂತೆ ಕತ್ತರಿಸಿ, ಮೂಲೆಯಲ್ಲಿ ‘ಮೂಲೆಮನೆ ಮೇಷ್ಟ್ರು’, ‘ಔಷಧಿ ಅಂಗಡಿ ಅಕ್ಕ’ ಎಂದು ಗುರುತು ಹಾಕಿ ಮೊಳೆಗೆ ನೇತುಹಾಕುತ್ತಿದ್ದಳು. “ಮೂವತ್ತಾರು ಅಂತ ಬರೆದ್ರೆ ಒಂದು ಹೆಗಲು ಇಳಿದಿರೋದು ಎಲ್ಲಿ ಗೊತ್ತಾಗತ್ತೆ?” ಅನ್ನುತ್ತಿದ್ದಳು. ಒಂದು ಸಲ ಬಂದವರು ಮತ್ತೆ ಅಳತೆಗೆ ನಿಲ್ಲಬೇಕಿರಲಿಲ್ಲ. “ಸ್ವಲ್ಪ ದಪ್ಪ ಆಗಿದೀನಿ ಅಕ್ಕ” ಎಂದು ಫೋನಿನಲ್ಲಿ ನಾಚಿಕೊಂಡರೆ, “ಎರಡು ಬೆರಳೋ ನಾಲ್ಕು ಬೆರಳೋ, ನಿಜ ಹೇಳು” ಎಂದು ಕೇಳಿ ಅಷ್ಟು ಬಿಟ್ಟು ಹೊಲಿಯುತ್ತಿದ್ದಳು.

ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ ವರ್ಷಗಳಿದ್ದವು. ಮಗಳ ಓದು, ಮದುವೆ ಎರಡೂ ಆ ಮಿಷಿನ್ನಿನಿಂದಲೇ ಆದವು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ರೆಡಿಮೇಡ್ ಅಂಗಡಿಗಳು ಸಾಲುಗಟ್ಟಿದವು. ಹೊಸದು ಹೊಲಿಸುವವರು ಹೋಗಿ, ಪ್ಯಾಂಟ್ ಗಿಡ್ಡ ಮಾಡಿ, ಜಿಪ್ ಹಾಕಿ ಅನ್ನುವವರು ಉಳಿದರು. ತಲೆ ಎತ್ತಲು ಪುರಸೊತ್ತಿಲ್ಲದವಳಿಗೆ ಹರಿದ ಜೇಬು ಕಾಯುವ ಗತಿ ಬಂತು.

ಅದೇ ಹೊತ್ತಿಗೆ ಯಜಮಾನರು ರಿಟೈರ್ ಆದರು. ಬೆಳಗ್ಗೆ ಆಫೀಸಿಗೆ ಹೋಗಿ ಸಂಜೆ ಬರುತ್ತಿದ್ದವರಿಗೆ ಹಗಲು ಹೊತ್ತು ತಮ್ಮ ಮನೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸೇರಲಿಲ್ಲ. ಕೂತರೆ ಸೂಜಿ, ನಡೆದರೆ ಕಾಲಿಗೆ ನೂಲು. ನಿನ್ನೆಯ ಪೇಪರ್ ಬಿಡಿಸಿದರೆ ಮಂತ್ರಿಗಳ ಭಾಷಣದ ನಡುವೆ ಯಾರದೋ ಕಂಕುಳು ಕೊರೆದು ಕಿಟಕಿಯಾಗಿರುತ್ತಿತ್ತು.

“ಇದೇನು ಮನೆಯೋ ಛತ್ರವೋ? ಈ ವಯಸ್ಸಲ್ಲಿ ನಿನಗ್ಯಾಕೆ ಈ ಉಸಾಬರಿ?” ಅಂದರು.

“ಮಗಳು ಓದುವಾಗ ಈ ಉಸಾಬರಿ ಬೇಕಿತ್ತಲ್ಲ” ಅಂದಳು.

ಆವತ್ತು ಯಜಮಾನರು ಮುನಿಸಿಕೊಂಡು ಊಟ ಬಿಟ್ಟರು. ಒಂದು ಹೊತ್ತು ಮಾತ್ರ, ಹಸಿವು ತಡೆಯುವ ಅಭ್ಯಾಸ ಅವರಿಗಿರಲಿಲ್ಲ.

ಆಗ ಸಿಕ್ಕಿತು, ಹೊಸ ನರ್ಸಿಂಗ್ ಹೋಮಿನ ಕೆಲಸ. ನಲವತ್ತು ಬಿಳಿ ಕೋಟು. ಹಿಡಿಸಿದರೆ ವರ್ಷವರ್ಷವೂ ನಿಮಗೇ ಎಂದು ಹೆಡ್ ನರ್ಸ್ ಮಾತು ಕೊಟ್ಟರು. ಮಿಷಿನ್ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ನಾಲ್ಕು ದಿನ ಅಲೆದು, ಡ್ಯೂಟಿ ಮುಗಿಸಿ ಹೊರಟವರನ್ನು ಬಾಗಿಲಲ್ಲೇ ಹಿಡಿದು ಅಳೆದು, ಅಲ್ಲೇ ಬೆಂಚಿನ ಮೇಲೆ ಪೇಪರ್ ಹಾಸಿ ಕತ್ತರಿಸಿದಳು. ನಲವತ್ತನ್ನೂ ಹಳೆಯವುಗಳ ಪಕ್ಕದಲ್ಲಿ ನೇತುಹಾಕಿದಳು. ಇದೊಂದು ಕೈ ಹಿಡಿದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಮಿಷಿನ್ ಅಟ್ಟ ಸೇರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಟ್ಟೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮೊಳೆಗಳೆಲ್ಲ ಬೋಳು. ಗುಡಿಸಿ ಒರೆಸಿದ ಕೋಣೆಯ ನಟ್ಟನಡುವೆ ಯಜಮಾನರು ಕುರ್ಚಿ ಹಾಕಿ ಕೂತಿದ್ದರು.

“ಪೇಪರೆಲ್ಲ ಎಲ್ರೀ?”

“ಹಳೇ ಪೇಪರಿನವನು ಬಂದಿದ್ದ, ಕೊಟ್ಟೆ. ಎಷ್ಟು ಧೂಳು ಅಂತೀಯ.”

“ಅಳತೆ ರೀ ಅದು. ನಲವತ್ತು ಜನರದ್ದು.”

“ನನಗೇನು ಗೊತ್ತು? ಹರಿದ ಪೇಪರ್ ಅನ್ಕೊಂಡೆ.”

ಬಟ್ಟೆಯ ಗಂಟು ಅಲ್ಲೇ ಬಿಸಾಕಿ ಓಡಿದಳು. ಗುಜರಿ ಅಂಗಡಿಯವನು ಪಾಪ, ಗೋಡೌನಿನ ಬಾಗಿಲೇ ತೆಗೆದು ತೋರಿಸಿದ. ಎಲ್ಲ ಮಧ್ಯಾಹ್ನದ ಲಾರಿಗೆ ಹೋಗಿತ್ತು. ಅಲ್ಲಿಂದ ನೇರ ನರ್ಸಿಂಗ್ ಹೋಮಿಗೆ ಹೋದಳು. “ಮತ್ತೆ ಅಳತೆ ಅಂದ್ರೆ ಯಾರಮ್ಮ ನಿಲ್ತಾರೆ? ಕಾಗದ ಕಾಪಾಡಕ್ಕಾಗದವರು ನಲವತ್ತು ಕೋಟು ಹೊಲಿದು ಕೊಡ್ತೀರಾ?” ಎಂದರು ಹೆಡ್ ನರ್ಸ್. ಕೆಲಸ ರೆಡಿಮೇಡ್ ಅಂಗಡಿಯ ಪಾಲಾಯಿತು. ಹಳೆಯ ಗಿರಾಕಿಗಳೂ ಅಷ್ಟೇ, “ಬಂದು ನಿಲ್ತೀವಿ ಅಕ್ಕ” ಅಂದರು, ಬರಲಿಲ್ಲ.

“ಅಪ್ಪ ಗೊತ್ತಿಲ್ದೆ ಮಾಡಿದ್ದಮ್ಮ, ದೊಡ್ಡದು ಮಾಡ್ಬೇಡ” ಎಂದು ಮಗಳು ಫೋನಿನಲ್ಲಿ ಸಮಾಧಾನ ಹೇಳಿದಳು. ಅವಳಿಗೂ ಹೌದೆನಿಸಿತು. ಗೊತ್ತಿಲ್ಲದೆ ಮಾಡಿದವರ ಮೇಲೆ ಎಷ್ಟು ದಿನ ಸಿಟ್ಟು ಸಾಧಿಸುವುದು? ಬರೆದಿಡದೆ ಹೋದದ್ದು ತನ್ನದೇ ತಪ್ಪು ಎಂದು ತನ್ನನ್ನೇ ಬೈದುಕೊಂಡಳು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಯಜಮಾನರು ನೀಲಿ ಬಟ್ಟೆ ಹಿಡಿದು ಬಂದರು. “ಹೇಗೂ ಬಿಡುವಾಗಿದೀಯ, ನನಗೊಂದು ಶರ್ಟ್ ಹೊಲಿದುಕೊಡು.”

“ನಿಂತ್ಕೊಳ್ಳಿ, ಅಳತೆ ತಗೋತೀನಿ.”

“ಅಳತೆ ಯಾಕೆ? ನಂದಿದೆಯಲ್ಲ” ಎಂದು ಬೀರು ತೆಗೆದರು. ಇಸ್ತ್ರಿ ಮಾಡಿದ ಬಟ್ಟೆಗಳ ಕೆಳಗೆ ಅವರ ಶರ್ಟಿನ ಪೇಪರಿತ್ತು, ಒಂದಿಷ್ಟೂ ಮುದುಡಿರಲಿಲ್ಲ. ಮೂಲೆಯಲ್ಲಿ ಅವಳದೇ ಕೈಬರಹ: ‘ಮನೆಯವರು’. “ಆವತ್ತು ಆ ಕಟ್ಟಲ್ಲಿ ನಂದೊಂದನ್ನ ಹುಡುಕಿ ತೆಗೆದಿಟ್ಟಿದ್ದೆ.”

ಅವಳು ಪೇಪರನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ತಾನೇನು ಹೇಳಿಬಿಟ್ಟೆ ಎಂದು ಯಜಮಾನರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು.

“ಗೊತ್ತಿತ್ತು ಹಾಗಾದ್ರೆ” ಅಂದಳು.

ಅವಳು ದನಿ ಏರಿಸಲಿಲ್ಲ. “ಅಂಗಡೀಲಿ ತಗೊಳ್ಳಿ” ಎಂದು ನೀಲಿ ಬಟ್ಟೆಯನ್ನು ಅವರ ಕೈಗೇ ವಾಪಸ್ ಕೊಟ್ಟಳು. ಮನೆಗೆ ಬಂದ ಬಟ್ಟೆಯನ್ನು ಅವಳು ಹೊಲಿಯದೆ ಹಿಂದಿರುಗಿಸಿದ್ದು ಅದೇ ಮೊದಲು.